ಯಂತ್ರ ಉಗುಳಿದ ಹಾಳೆಗಳ ರಬ್ಬರಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಉದ್ದನೆಯ ಕೋಣೆಯ ಆ ಕೊನೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸು ನೂರು ಹಾಳೆಗಳ ಒಂದು ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಇಸ್ಪೀಟಿನ ಎಲೆ ಬಿಡಿಸುವವರ ಹಾಗೆ ಬಿಡಿಸಿ, ಮೇಜಿಗೆ ಕುಟ್ಟಿ, ತಿರುಗಿಸಿ ಮತ್ತೆ ಬಿಡಿಸುತ್ತಾರೆ. ಹಾಳೆಗಳ ನಡುವೆ ಗಾಳಿ ಆಡಬೇಕು. ಒಂದಕ್ಕೊಂದು ಅಂಟಿಕೊಂಡರೆ ಯಂತ್ರ ಎರಡನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ಹೊತ್ತೇರಿದಂತೆ ಸೆಕೆಗೆ ಕಾಗದ ಮೆತ್ತಗಾಗುತ್ತದೆ, ಅದಕ್ಕೇ ಇಲ್ಲಿ ಕೆಲಸ ಹಕ್ಕಿಗಳು ಏಳುವುದಕ್ಕೆ ಮುಂಚೆ ಶುರು.

ಐದು ಗಂಟೆಗೆ ಯಂತ್ರ ಗುಂಯ್‌ಗುಡುತ್ತದೆ. ನಿಮಿಷಕ್ಕೆ ಎಂಬತ್ತು ಹಾಳೆ. ಓದಲು ಬಂದದ್ದು ಎಡಗಡೆಯ ಪೆಟ್ಟಿಗೆಗೆ ಬೀಳುತ್ತದೆ, ಓದಲು ಬಾರದ್ದು ಬಲಗಡೆಯ ತಗಡಿನ ತಟ್ಟೆಗೆ. ಆ ತಟ್ಟೆಯನ್ನು ಇಲ್ಲಿಯವರೆಲ್ಲ ಉಗುಳುತಟ್ಟೆ ಎನ್ನುತ್ತಾರೆ. ಅದರ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂರುವ ಇವರನ್ನು ರಬ್ಬರಕ್ಕ ಎನ್ನುತ್ತಾರೆ. ವಯಸ್ಸು ಐವತ್ತೊಂದು, ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ‘ಆ ಹೆಸರು ಕೂಗಿದ್ರೆ ನಾನೇ ಹಿಂತಿರುಗಿ ಯಾರನ್ನ ಕರೀತಿದಾರೆ ಅಂತ ನೋಡ್ತೀನಿ’ ಎಂದು ನಗುತ್ತಾರೆ.

ಈಗ ಯಂತ್ರದಲ್ಲಿ ಓಡುತ್ತಿರುವುದು ಏಳನೇ ತರಗತಿಯ ಮಕ್ಕಳ ಪರೀಕ್ಷೆಯ ಉತ್ತರ ಹಾಳೆಗಳು. ಎಂಬತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಪುಟ್ಟ ವೃತ್ತ, ಸರಿ ಎನಿಸಿದ ಒಂದನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು. ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪತ್ರಿಕೆ, ಐದೂವರೆ ಲಕ್ಷ ಮಕ್ಕಳಿಗೆ. ಇಲ್ಲಿ ಬರುವ ಅಂಕದ ಮೇಲೆ ಎಂಟನೇ ತರಗತಿಗೆ ಯಾರು ಯಾವ ಶಾಲೆಗೆ ಎಂಬುದು ತೀರ್ಮಾನವಾಗುತ್ತದೆ. ಹನ್ನೆರಡು ವರ್ಷದ ಮಗು ಇರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೋದ ವರ್ಷ ಆರು ತಿಂಗಳು ಟಿವಿಯ ಸದ್ದು ಕಡಿಮೆ ಮಾಡಿಕೊಂಡು ಓಡಾಡಿದವರು ನಾವು.

ರಬ್ಬರಕ್ಕನ ಮೇಜಿನ ಮೂಲೆಯಲ್ಲಿ ಇವತ್ತು ಒಂದು ಹಾಳೆ ಬೇರೆಯಾಗಿದೆ. ಮೇಲೆ ಪೆನ್ಸಿಲ್ ಡಬ್ಬಿಯ ಭಾರ. ಮೊನ್ನೆ ಯಂತ್ರ ಅದನ್ನು ನಾಲ್ಕು ಸಲ ಉಗುಳಿತು. ಕಾರಣ, ಹಾಳೆಯ ಎಡ ಅಂಚಿನಲ್ಲಿ ಖಾಲಿ ಬಿಡಬೇಕಾದ ಬಿಳಿ ಪಟ್ಟಿಯೊಂದಿದೆ. ಅಲ್ಲಿ ಏನಾದರೂ ಬರೆದಿದ್ದರೆ ಯಂತ್ರಕ್ಕೆ ಸಾಲುಗಳ ಎಣಿಕೆ ತಪ್ಪುತ್ತದೆ. ಯಾವುದೋ ಊರಿನ ಯಾವುದೋ ಮಗು ಮೂವತ್ತೊಂದನೇ ಸಾಲಿನ ಎದುರು ಒಂದು ಬಾಣ ಎಳೆದು, ಆ ಪಟ್ಟಿಯೊಳಗೆ ಇರುವೆಯಂಥ ಅಕ್ಷರದಲ್ಲಿ ಹೀಗೆ ಬರೆದಿದೆ: ‘31ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ಮರೆತು ಅದೇ ಸಾಲಿನಲ್ಲಿ 32ರ ಉತ್ತರ ತುಂಬಿದೆ. ಇಲ್ಲಿಂದ ಕೊನೆಯವರೆಗೆ ಒಂದೊಂದು ಮುಂದಿನ ಪ್ರಶ್ನೆಯದು ಅಂತ ದಯವಿಟ್ಟು ಓದಿಕೊಳ್ಳಿ. ಅಳಿಸಲು ಟೈಮ್ ಇಲ್ಲ.’

ಮೂವತ್ತೊಂದನೇ ಸಾಲಿನಲ್ಲಿ ಅಳಿಸಲು ಶುರು ಮಾಡಿ ಕೈಬಿಟ್ಟ ಗುರುತಿದೆ. ಎಂಬತ್ತನೇ ಸಾಲು ಖಾಲಿ. ಕೊನೆಗೆ ತಲುಪಿ, ಒಂದು ಸಾಲು ಉಳಿದದ್ದು ಕಂಡಾಗಲೇ ಆ ಮಗುವಿಗೆ ತಪ್ಪು ಗೊತ್ತಾಗಿರಬೇಕು.

ನಿಯಮದ ಪ್ರಕಾರ ರಬ್ಬರಕ್ಕ ಮಾಡಬೇಕಾದ ಕೆಲಸ ಅರ್ಧ ನಿಮಿಷದ್ದು. ಪಟ್ಟಿಯ ಮೇಲಿನ ಬರಹವನ್ನು ಅಳಿಸಿ ಹಾಳೆಯನ್ನು ಮತ್ತೆ ಯಂತ್ರಕ್ಕೆ ಕೊಡುವುದು. ಅವರು ಅಳಿಸಲಿಲ್ಲ. ‘ವಿಶೇಷ ಟಿಪ್ಪಣಿ’ ಎಂಬ ನಮೂನೆ ತುಂಬಿ, ನಕಲೊಂದನ್ನು ಲಗತ್ತಿಸಿ ಮಹಡಿಯ ಮೇಲಿನ ಕಚೇರಿಗೆ ಕಳಿಸಿದ್ದಾರೆ. ಹತ್ತೊಂಬತ್ತು ವರ್ಷದಲ್ಲಿ ಅವರು ಆ ನಮೂನೆ ತುಂಬಿದ್ದು ಇದು ಐದನೇ ಸಲ. ಇವತ್ತು ಉತ್ತರ ಬರಬೇಕು.

‘ಎರಡು ದಿನದಿಂದ ಆ ಹಾಳೆ ನನ್ನನ್ನೇ ನೋಡ್ತಾ ಕೂತಿದೆ’ ಎನ್ನುತ್ತಾ ಕನ್ನಡಕ ಏರಿಸಿಕೊಂಡು ಉಗುಳುತಟ್ಟೆಗೆ ಕೈ ಹಾಕುತ್ತಾರೆ.

ಅವರ ಸಾಮಾನು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುತ್ತದೆ. ಮೂರು ರಬ್ಬರು: ಒಂದು ಮೆತ್ತಗಿನದು, ಒಂದು ಗಟ್ಟಿ, ಇನ್ನೊಂದನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಚೂಪು ಮಾಡಿಕೊಂಡಿದ್ದಾರೆ. ಪುಡಿ ಗುಡಿಸಲು ಬಣ್ಣದ ಕುಂಚ. ಭೂತಗನ್ನಡಿ. ಹರಿದ ಹಾಳೆಗೆ ಬೆನ್ನು ಕೊಡಲು ತೆಳ್ಳಗಿನ ಬಿಳಿ ಕಾಗದದ ಟೇಪು. ದಿನಕ್ಕೆ ನಲವತ್ತು ಸಾವಿರ ಹಾಳೆ ಯಂತ್ರದೊಳಗೆ ಹೋದರೆ ಅದರಲ್ಲಿ ಮುನ್ನೂರು, ಮುನ್ನೂರ ಇಪ್ಪತ್ತು ಅವರ ಮೇಜಿಗೆ ಬರುತ್ತವೆ. ಒಂದೊಂದಕ್ಕೆ ಒಂದೂವರೆ ನಿಮಿಷ. ಹದಿನಾಲ್ಕು ದಿನ. ಮಕ್ಕಳ ಹೆಸರಿರುವ ಭಾಗವನ್ನು ಮೊದಲೇ ಹರಿದು ತೆಗೆದಿರುವುದರಿಂದ ಅವರಿಗೆ ಕಾಣುವುದು ಒಂದು ಸಂಖ್ಯೆ ಮಾತ್ರ. ಸರಿಯುತ್ತರ ಯಾವುದು ಎಂಬುದೂ ಅವರಿಗೆ ತಿಳಿಯದು. ಆ ಪಟ್ಟಿ ಬೀಗದೊಳಗಿರುತ್ತದೆ. ಮಗು ಕಪ್ಪು ಮಾಡಿದ್ದು ಯಾವುದನ್ನು, ಕೈತಪ್ಪಿ ಕಲೆಯಾಗಿದ್ದು ಯಾವುದು, ಇಷ್ಟನ್ನು ಹೇಳುವುದು ಅವರ ಕೆಲಸ.

ಹೇಳಿದಷ್ಟು ಸುಲಭವಲ್ಲ ಅದು. ಒಂದು ಹಾಳೆಯನ್ನು ಬೆಳಕಿಗೆ ಓರೆ ಹಿಡಿದು ತೋರಿಸುತ್ತಾರೆ. ಒಂದೇ ಸಾಲಿನಲ್ಲಿ ಎರಡು ವೃತ್ತ ಕಪ್ಪಾಗಿವೆ. ಒಂದರ ಹೊಳಪು ಮಾಸಿದೆ, ಸುತ್ತ ಕಾಗದದ ನವಿರು ಎದ್ದಿದೆ. ‘ಇದನ್ನ ಮಗು ಅಳಿಸಿದೆ, ಆದ್ರೆ ರಬ್ಬರು ಕೆಟ್ಟದ್ದು. ಒಂದು ರೂಪಾಯಿಗೆ ಸಿಗೋ ಬಣ್ಣದ ರಬ್ಬರು, ಅದು ಅಳಿಸಲ್ಲ, ಬಳಿಯುತ್ತೆ. ಒಳ್ಳೆ ರಬ್ಬರು ಇರೋ ಮಗುವಿನ ಹಾಳೆ ನನ್ನ ಹತ್ರ ಬರೋದೇ ಇಲ್ಲ.’ ಮೂಲೆ ಮಡಚಿ ತಟ್ಟೆಗೆ ಬಿದ್ದ ಇನ್ನೊಂದು ಹಾಳೆಯ ವೃತ್ತಗಳು ಅಚ್ಚು ಹಾಕಿದಷ್ಟು ದುಂಡಗಿವೆ, ಒಂದೂ ಗೆರೆ ದಾಟಿಲ್ಲ. ಆದರೆ ಐವತ್ತೆರಡಕ್ಕೆ ನಿಂತಿದೆ. ‘ಇದು ನಿಧಾನದ ಮಗು. ನಿಧಾನಕ್ಕೆ ಅಂತ ಒಂದು ವೃತ್ತ ಇಟ್ಟಿಲ್ವಲ್ಲ ಇದರಲ್ಲಿ.’ ಮತ್ತೊಂದರಲ್ಲಿ ಕೊನೆಯ ಇಪ್ಪತ್ತು ಪ್ರಶ್ನೆಗಳಿಗೆ ವೃತ್ತಗಳು ಓರೆಯಾಗಿ ಮೆಟ್ಟಿಲಿನಂತೆ ಇಳಿದಿವೆ. ‘ಇವನಿಗೆ ಹೊರಗಡೆ ಆಟಕ್ಕೆ ಹೊತ್ತಾಗಿತ್ತು’ ಎಂದು ಅದನ್ನು ಪಕ್ಕಕ್ಕಿಡುತ್ತಾರೆ. ಮೂಗಿನಿಂದ ರಕ್ತ ಸೋರಿದ ಹಾಳೆ, ವಾಂತಿ ಬಿದ್ದು ಒಣಗಿಸಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕಳಿಸಿದ ಹಾಳೆ, ಎಲ್ಲವೂ ಈ ಮೇಜಿಗೇ.

ಅವರ ತಂದೆ ಪುಸ್ತಕದ ರಟ್ಟು ಕಟ್ಟುವವರು. ಕಾಗದದ ಎಳೆ ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಹಾಳೆ ಮುಟ್ಟಿ ಹೇಳಲು ಮಗಳು ಏಳನೇ ವಯಸ್ಸಿಗೇ ಕಲಿತಿದ್ದರು. ಓದು ಹತ್ತನೇ ತರಗತಿಗೆ ನಿಂತಿತು. ಗಣಿತದಲ್ಲಿ ಎರಡು ಸಲ ಕೂತರೂ ದಾಟಲಿಲ್ಲ. ಮದುವೆಯಾಗಿ, ಮಗಳು ಹುಟ್ಟಿ, ಅವಳು ಶಾಲೆಗೆ ಹೋಗಲು ಶುರುವಾದ ಮೇಲೆ ಇಲ್ಲಿ ಕಟ್ಟು ಕಟ್ಟುವ ಕೆಲಸಕ್ಕೆ ಸೇರಿದರು. ಉಗುಳುತಟ್ಟೆಯ ಮೇಜಿಗೆ ಆಗ ಕೂತಿದ್ದವರು ನಿವೃತ್ತರಾದಾಗ ಯಾರೂ ಮುಂದೆ ಬರಲಿಲ್ಲ. ಕಣ್ಣು ಹೋಗುತ್ತದೆ, ಹೊಣೆ ಬೇರೆ. ಇವರು ಹೋಗಿ ಕೂತರು. ಕೆಲಸ ಇವತ್ತಿಗೂ ಕಾಯಂ ಆಗಿಲ್ಲ. ಪ್ರತಿ ವರ್ಷ ಹೊಸ ಆದೇಶ ಬರುತ್ತದೆ, ಪ್ರತಿ ವರ್ಷ ಅದೇ ಕುರ್ಚಿ.

ಮೊದಲ ವರ್ಷದ ಒಂದು ತಪ್ಪನ್ನು ಅವರೇ ತೆಗೆದು ಹೇಳುತ್ತಾರೆ. ಒಂದು ಹಾಳೆಯಲ್ಲಿ ಮಸುಕಾದ ಗುರುತೊಂದಿತ್ತು. ಕಲೆಯೆಂದುಕೊಂಡು ಉಜ್ಜಿದರು. ಆಮೇಲೆ ಹಾಳೆಯ ಬಲಗಡೆಗೆ ಕಣ್ಣು ಹೋದಾಗ ಅಲ್ಲೂ ಅಷ್ಟೇ ಮಸುಕಾದ ಗುರುತುಗಳು, ಸಾಲು ಸಾಲಾಗಿ. ಅದು ಕಲೆಯಾಗಿರಲಿಲ್ಲ, ಆ ಮಗುವಿನ ಕೈಯೇ ಅಷ್ಟು ಹಗುರ. ‘ಕೂಡಲೇ ಹೇಳಿ ಸರಿ ಮಾಡಿಸ್ದೆ ಅನ್ನಿ. ಆದ್ರೂ ಅವತ್ತಿಂದ ಮೊದಲು ಪೂರ್ತಿ ಹಾಳೆ ನೋಡ್ತೀನಿ, ಆಮೇಲೆ ರಬ್ಬರು ಮುಟ್ತೀನಿ. ಮಗುವಿನ ಕೈ ಗೊತ್ತಾಗದೆ ಮಗುವಿನ ಕಲೆ ಗೊತ್ತಾಗಲ್ಲ.’

ಮನೆಯಲ್ಲಿ ಇದು ತಮಾಷೆಯ ವಿಷಯ. ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ಅಡುಗೆಮನೆಯ ಗೋಡೆಯ ಮೇಲೆ ಕಲೆ ಕಂಡರೂ ಇದು ಒಂದು ಸಲ ಒರೆಸಿದ್ದೋ ಎರಡು ಸಲವೋ ಎಂದು ವಿಚಾರಣೆ ನಡೆಯುತ್ತದಂತೆ. ‘ನಾನು ಕೈ ತೊಳ್ದು ಬಂದೆ ಅಂದ್ರೆ ಇವಳು ಭೂತಗನ್ನಡಿ ಹುಡುಕ್ತಾಳೆ’ ಎಂಬುದು ಅವರ ದೂರು.

ಎಡಗೈಯ ವಿಷಯ ಹೊಳೆದದ್ದೂ ಮನೆಯಲ್ಲೇ. ಮಗಳು ಎಡಚಿ. ಸಂಜೆ ಲೆಕ್ಕ ಬರೆದೆದ್ದರೆ ಅಂಗೈಯ ಕಿರುಬೆರಳ ಬದಿ ಪೂರ್ತಿ ಪೆನ್ಸಿಲಿನ ಮಸಿ. ಒಂದು ದಿನ ಆ ಕೈ ತೊಳೆಸುತ್ತಿದ್ದಾಗ ರಬ್ಬರಕ್ಕನಿಗೆ ತಮ್ಮ ಮೇಜಿನ ಹಾಳೆಗಳು ನೆನಪಾದವು. ಉತ್ತರ ಹಾಳೆಯಲ್ಲಿ ನಲವತ್ತು ಪ್ರಶ್ನೆ ಎಡಗಡೆ, ನಲವತ್ತು ಬಲಗಡೆ. ಬಲಗೈಯವರು ಬಲಗಡೆಯದನ್ನು ತುಂಬುವಾಗ ಕೈ ಹಾಳೆಯ ಆಚೆ ಇರುತ್ತದೆ. ಎಡಗೈಯವರ ಕೈ ಆಗಲೇ ತುಂಬಿದ ಎಡಗಡೆಯ ಉತ್ತರಗಳ ಮೇಲೆಯೇ ಊರಿಕೊಂಡು ಇಳಿಯುತ್ತದೆ. ಮಸಿ ಹರಡಿ ಪಕ್ಕದ ವೃತ್ತಕ್ಕೆ ತಾಗುತ್ತದೆ. ಯಂತ್ರ ಎರಡು ಉತ್ತರವೆಂದು ಓದಿ ಗೊಂದಲಕ್ಕೆ ಬೀಳುತ್ತದೆ.

ಮರುದಿನದಿಂದ ಅವರು ಅಂಥ ಹಾಳೆಗಳನ್ನು ಎಣಿಸಲು ಶುರು ಮಾಡಿದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಡ್ಡಗೆರೆ. ಆ ವರ್ಷ ತಟ್ಟೆಗೆ ಬಿದ್ದ ಹತ್ತರಲ್ಲಿ ನಾಲ್ಕು ಎಡಗೈಯ ಒರಸು. ಲೋಕದಲ್ಲಿ ಎಡಚರು ಅಷ್ಟಿಲ್ಲ. ಮೂರು ವರ್ಷ ಎಣಿಸಿ ಆ ಕ್ಯಾಲೆಂಡರುಗಳನ್ನು ಸುತ್ತಿಕೊಂಡು ಹೋಗಿ ಮೇಲ್ವಿಚಾರಕರ ಮುಂದೆ ಹರವಿದರು. ಈಗ ಪರೀಕ್ಷೆಯ ಸೂಚನೆಗಳಲ್ಲಿ ಒಂದು ಸಾಲಿದೆ, ಗಮನಿಸಿರುತ್ತೀರಿ: ‘ಬರೆಯುವ ಕೈಯ ಕೆಳಗೆ ಖಾಲಿ ಹಾಳೆ ಇಟ್ಟುಕೊಳ್ಳಬಹುದು, ಕೇಳಿದವರಿಗೆ ಪರೀಕ್ಷಾ ಕೊಠಡಿಯ ಸಿಬ್ಬಂದಿ ಕೊಡತಕ್ಕದ್ದು.’ ಆ ಸಾಲಿನ ಕೆಳಗೆ ಯಾರ ಹೆಸರೂ ಇಲ್ಲ. ನನ್ನ ಮನೆಯಲ್ಲೇ ಅದನ್ನು ಗಟ್ಟಿಯಾಗಿ ಓದಿ, ಇದೇನು ಹೊಸ ರಗಳೆ ಎಂದು ನಾನೇ ಗೊಣಗಿದ್ದೆ.

ರಬ್ಬರಕ್ಕನ ಮಗಳಿಗೆ ಆ ಸಾಲಿನಿಂದ ಪ್ರಯೋಜನವಾಗಲಿಲ್ಲ. ಅವಳು ಪರೀಕ್ಷೆ ಬರೆದದ್ದು ಅದಕ್ಕೆ ಎರಡು ವರ್ಷ ಮುಂಚೆ. ಮಕ್ಕಳು ಪರೀಕ್ಷೆಗೆ ಕೂತ ವರ್ಷ ತಂದೆತಾಯಿ ಯಂತ್ರದ ಕೋಣೆಗೆ ಬರುವಂತಿಲ್ಲ. ರಬ್ಬರಕ್ಕನನ್ನು ಆ ಹದಿನಾಲ್ಕು ದಿನ ಉಗ್ರಾಣಕ್ಕೆ ಹಾಕಿದ್ದರು. ಅಂಕ ಕಡಿಮೆ ಬಂತು. ಒರಸಿನಿಂದಲೋ, ಉತ್ತರ ಗೊತ್ತಿಲ್ಲದೆಯೋ, ಅವರು ಕೇಳಲಿಲ್ಲ. ಮಗಳು ಈಗ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ. ಅಮ್ಮನ ಕನ್ನಡಕ ಅವಳ ಎಡಗೈಯದೇ.

‘ಅವತ್ತು ಹಾಳೆ ತೋರ್ಸಿ ಅಂತ ಅರ್ಜಿ ಹಾಕಬಹುದಿತ್ತು. ಹಾಕ್ಲಿಲ್ಲ. ಇಲ್ಲೇ ಕೆಲಸ ಮಾಡ್ಕೊಂಡು ನಾನೇ ಕೇಳಿದ್ರೆ ಯಾರೇನಂತಾರೋ ಅನ್ನಿಸ್ತು’ ಎಂದು ಹೇಳಿ, ಸ್ವಲ್ಪ ಹೊತ್ತು ಕುಂಚದಿಂದ ಮೇಜು ಗುಡಿಸುತ್ತಾರೆ. ಮೇಜಿನ ಮೇಲೆ ಪುಡಿ ಇರಲಿಲ್ಲ.

ಮೇಲ್ವಿಚಾರಕರು ಕೆಟ್ಟವರಲ್ಲ. ಹಿಂದೆ ಗಣಿತದ ಮೇಷ್ಟ್ರು. ಕೈಯಿಂದ ಅಂಕ ಹಾಕುತ್ತಿದ್ದ ಕಾಲವನ್ನು ಕಂಡವರು. ಆಗ ಅಕ್ಷರ ದುಂಡಗಿದ್ದ ಮಗುವಿಗೆ ನಾಲ್ಕು ಅಂಕ ಹೆಚ್ಚು, ಮಧ್ಯಾಹ್ನ ಊಟವಾದ ಮೇಲೆ ಸಿಕ್ಕ ಕಟ್ಟಿಗೆ ಇನ್ನೊಂದು ಧಾರಾಳತನ, ಬೇಕಾದವರ ಮಗುವಿನ ನಂಬರು ಚೀಟಿಯಲ್ಲಿ ಬರುತ್ತಿತ್ತು ಎಂದು ಅವರೇ ಹೇಳುತ್ತಾರೆ. ‘ಈ ಯಂತ್ರಕ್ಕೆ ಯಾರ ಮಾವನೂ ಗೊತ್ತಿಲ್ಲ. ಅದಕ್ಕೇ ನಾನು ಇದನ್ನ ನಂಬ್ತೀನಿ.’ ಈ ಮಾತಿಗೆ ರಬ್ಬರಕ್ಕ ವರ್ಷಗಳ ಹಿಂದೆ ಕೊಟ್ಟ ಉತ್ತರವನ್ನೂ ಅವರೇ ನಗುತ್ತ ಒಪ್ಪಿಸುತ್ತಾರೆ: ‘ಮಾವ ಗೊತ್ತಿಲ್ಲ, ಒಳ್ಳೇದೇ ಸರ್. ಎಡಗೈನೂ ಗೊತ್ತಿಲ್ವಲ್ಲ.’

ಹನ್ನೊಂದು ಗಂಟೆಗೆ ಮೇಲ್ವಿಚಾರಕರು ಮೆಟ್ಟಿಲಿಳಿದು ಬರುತ್ತಾರೆ. ಕೈಯಲ್ಲಿ ವಿಶೇಷ ಟಿಪ್ಪಣಿಯ ನಮೂನೆ. ಯಂತ್ರ ನಡೆಸುವವರು ಗುಂಡಿ ಒತ್ತಿ ನಿಲ್ಲಿಸುತ್ತಾರೆ, ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ನಮೂನೆಯ ಕೆಳಗೆ ಒಂದೇ ಸಾಲು: ನಿಯಮದಲ್ಲಿ ಅವಕಾಶವಿಲ್ಲ, ಇದ್ದಂತೆ ಓದಿಸತಕ್ಕದ್ದು.

ಇದ್ದಂತೆ ಓದಿಸಿದರೆ ಮೂವತ್ತೊಂದರಿಂದ ಎಪ್ಪತ್ತೊಂಬತ್ತರವರೆಗೆ ನಲವತ್ತೊಂಬತ್ತು ಉತ್ತರಗಳೂ ಒಂದೊಂದು ಮನೆ ತಪ್ಪಿದ ಲೆಕ್ಕ. ಮಗು ಎಷ್ಟೇ ಜಾಣನಿರಲಿ, ಅಷ್ಟೂ ಅಂಕ ಅದೃಷ್ಟಕ್ಕೆ ಬಿಟ್ಟದ್ದು. ಮೇಲ್ವಿಚಾರಕರು ಕುರ್ಚಿ ಎಳೆದು ಕೂತು ಸಮಾಧಾನವಾಗಿಯೇ ವಿವರಿಸುತ್ತಾರೆ. ಹೀಗೆ ಸಾಲು ತಪ್ಪಿದ ಮಕ್ಕಳು ಎಷ್ಟೋ ಇರಬಹುದು. ಅವರೆಲ್ಲ ಚೀಟಿ ಬರೆದಿಲ್ಲ. ಬರೆಯಬಹುದೆಂದು ಅವರಿಗೆ ಹೊಳೆದೂ ಇಲ್ಲ. ಬರೆದ ಒಬ್ಬರಿಗೆ ಕೊಟ್ಟು ಬರೆಯದವರಿಗೆ ಕೊಡದಿದ್ದರೆ ಅದು ಇನ್ನೊಂದು ಅನ್ಯಾಯ.

ರಬ್ಬರಕ್ಕ ವಾದಿಸುವುದಿಲ್ಲ. ‘ನೀವು ಹೇಳೋದು ಸುಳ್ಳಲ್ಲ ಸರ್’ ಎನ್ನುತ್ತಾರೆ. ಹಾಳೆಯ ಮೇಲಿನ ಡಬ್ಬಿ ಎತ್ತುತ್ತಾರೆ. ಚೂಪು ಮಾಡಿದ ರಬ್ಬರು ಕೈಗೆತ್ತಿಕೊಳ್ಳುತ್ತಾರೆ, ಅದನ್ನು ಹಾಗೇ ಹಿಡಿದು ಕೂರುತ್ತಾರೆ. ಆಮೇಲೆ ಡ್ರಾಯರಿನಿಂದ ಮಾಸಿದ ನಿಯಮಗಳ ಪುಸ್ತಕ ತೆಗೆದು ಒಂದು ಪುಟ ತಿರುವಿ, ಬೆರಳಿಟ್ಟು ಅವರ ಕಡೆ ಸರಿಸುತ್ತಾರೆ. ಅಲ್ಲಿ ಬರೆದಿರುವುದು ಹೀಗೆ: ಅಂಚಿನ ಪಟ್ಟಿಯು ಯಂತ್ರಕ್ಕೆ ಖಾಲಿಯಾಗಿ ಕಾಣುವಂತಿರತಕ್ಕದ್ದು.

‘ಕಾಣೋ ಹಾಗಿರ್ಬೇಕು ಅಂತಿದೆ. ಅಳಿಸ್ಬೇಕು ಅಂತಿಲ್ಲ ಸರ್. ಮುಚ್ಚಿದ್ರೆ ಆಗತ್ತಲ್ಲ?’

ಮೇಲ್ವಿಚಾರಕರು ಆ ಸಾಲನ್ನು ಎರಡು ಸಲ ಓದುತ್ತಾರೆ. ಪುಟ ತಿರುವಿ ಹಿಂದಿನದನ್ನೂ ಮುಂದಿನದನ್ನೂ ನೋಡುತ್ತಾರೆ. ಮುಚ್ಚಿದರೂ ಅಂಕ ಒಂದು ಚೂರೂ ಬದಲಾಗುವುದಿಲ್ಲ ಎಂದು ನೆನಪಿಸುತ್ತಾರೆ. ಗೊತ್ತಿದೆ ಎನ್ನುತ್ತಾರೆ ಇವರು. ಟೇಪು ಯಂತ್ರದಲ್ಲಿ ಸಿಕ್ಕಿಕೊಂಡರೆ ಅರ್ಧ ದಿನದ ಕೆಲಸ ಹಾಳು ಎನ್ನುತ್ತಾರೆ ಅವರು. ‘ಸಿಕ್ಕಿಕೊಂಡ್ರೆ ನಾಳೆಯಿಂದ ನನ್ನನ್ನ ಉಗ್ರಾಣಕ್ಕೆ ಹಾಕಿ’ ಎಂಬ ಮಾತಿಗೆ ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕುತ್ತಾರೆ. ‘ಈ ಪುಸ್ತಕ ನಾನೇ ಬರೆಸಿದ್ದು, ಓದಿದ್ದು ನೀವೊಬ್ಬರೇ ಇರ್ಬೇಕು’ ಎಂದು ಎದ್ದುಹೋಗುತ್ತಾರೆ.

ಟೇಪು ಅಂಟಿಸುವ ಕೆಲಸಕ್ಕೆ ಎಂಟು ನಿಮಿಷ ಹಿಡಿಯುತ್ತದೆ. ತೆಳ್ಳಗಿನ ಬಿಳಿ ಟೇಪನ್ನು ಬ್ಲೇಡಿನಿಂದ ಬರಹದ ಅಗಲಕ್ಕೆ ಸರಿಯಾಗಿ ಕೊಯ್ಯುತ್ತಾರೆ. ಮೊದಲು ಅದನ್ನು ತಮ್ಮ ಸೆರಗಿನ ಅಂಚಿಗೆ ಎರಡು ಸಲ ಅಂಟಿಸಿ ಕೀಳುತ್ತಾರೆ. ಅಂಟಿನ ಬಿಗಿ ಕಡಿಮೆಯಾಗಬೇಕು, ಇಲ್ಲದಿದ್ದರೆ ಕೀಳುವಾಗ ಪೆನ್ಸಿಲಿನ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ತಂದೆ ಹಳೆಯ ಪುಸ್ತಕದ ಚಿತ್ರಗಳಿಗೆ ಹೀಗೇ ಮಾಡುತ್ತಿದ್ದರಂತೆ. ಇರುವೆಯಂಥ ಅಕ್ಷರಗಳು ಒಂದೊಂದೇ ಬಿಳಿಯ ಕೆಳಗೆ ಹೋಗುತ್ತವೆ, ಕೊನೆಗೆ ಬಾಣವೂ. ಉಗುರಿನ ಬೆನ್ನಿನಿಂದ ಅಂಚು ಒತ್ತಿ, ಎದ್ದು, ತಾವೇ ಹೋಗಿ ಯಂತ್ರದ ಬಾಯಿಗೆ ಇಡುತ್ತಾರೆ. ಯಂತ್ರ ನಡೆಸುವವರು ಗುಂಡಿ ಒತ್ತುತ್ತಾರೆ. ಹಾಳೆ ಒಳಗೆ ಹೋಗುತ್ತದೆ. ಒಂದು ಕ್ಷಣಕ್ಕೂ ಕಡಿಮೆ ಹೊತ್ತು. ಎಡಗಡೆಯ ಪೆಟ್ಟಿಗೆಯಲ್ಲಿ ಬೀಳುತ್ತದೆ.

ಈ ಎಲ್ಲ ಶ್ರಮ ಯಾಕೆ ಎಂದು ಕೇಳಿದೆ. ಅಂಕ ಬದಲಾಗದಿದ್ದರೆ ಅಳಿಸಿದರೇನು, ಮುಚ್ಚಿದರೇನು?

ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಹಾಳೆಗಳಿಂದ ದೂರ ಕಿಟಕಿಯ ಹತ್ತಿರ ನಿಂತು ಹೇಳುತ್ತಾರೆ. ಫಲಿತಾಂಶ ಬಂದು ಮೂವತ್ತು ದಿನದೊಳಗೆ ಮಗುವಿನ ಮನೆಯವರು ಹಾಳೆ ತೋರಿಸಿ ಎಂದು ಅರ್ಜಿ ಕೊಡಬಹುದು. ಆಗ ಅದು ಯಂತ್ರದ ಮುಂದೆ ಹೋಗುವುದಿಲ್ಲ. ಮೂವರು ಮೇಷ್ಟ್ರುಗಳ ಮುಂದೆ ಹೋಗುತ್ತದೆ. ಇಲ್ಲಿಯ ಮೇಲ್ವಿಚಾರಕರಿಗೆ ಇಲ್ಲದ ಅಧಿಕಾರ ಆ ಮೂವರಿಗಿದೆ: ಕಾರಣ ಕಂಡರೆ ಅಂಕ ತಿದ್ದಬಹುದು. ಆದರೆ ಕಾರಣ ಹಾಳೆಯ ಮೇಲೆಯೇ ಇರಬೇಕು. ಪೆನ್ಸಿಲಿನ ಬರಹ ಒಮ್ಮೆ ಅಳಿದರೆ ಅವರಿಗೆ ಕಾಣುವುದು ಸಾಲು ತಪ್ಪಿದ ಮಗು ಮಾತ್ರ, ತಪ್ಪು ಕಂಡುಕೊಂಡ ಮಗುವಲ್ಲ. ತಿದ್ದುತ್ತಾರೋ ಇಲ್ಲವೋ ಅದು ಬೇರೆ ಮಾತು.

ಅರ್ಜಿ ಕೊಡುವವರು ಎಷ್ಟು ಜನ? ಸಾವಿರಕ್ಕೆ ಒಬ್ಬರೂ ಇಲ್ಲ. ಬಹಳ ಮನೆಗಳಲ್ಲಿ ಹಾಗೊಂದು ದಾರಿಯಿದೆ ಎಂಬುದೇ ಗೊತ್ತಿಲ್ಲ. ಅಂಕಪಟ್ಟಿ ನೋಡಿ ಮಗುವಿನ ಮುಖ ನೋಡುತ್ತೇವೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ನಾನು ಹಾಗೇ ಮಾಡಿದವರಲ್ಲಿ ಒಬ್ಬ.

‘ಆ ಮಗು ಜಾಣನೋ ದಡ್ಡನೋ ನಂಗೊತ್ತಿಲ್ಲ. ಉತ್ತರ ಸರಿ ಇದೆಯೋ, ಅದೂ ಗೊತ್ತಿಲ್ಲ. ಟೈಮ್ ಮುಗೀತಿರುವಾಗ ಅಳ್ತಾ ಕೂರದೆ, ಯಾರೋ ಒಬ್ಬರು ಓದ್ತಾರೆ ಅಂತ ನಂಬಿ ಬರೆದಿದೆ ನೋಡಿ. ಓದೋಕೆ ಇಲ್ಲಿ ಇರೋದು ನಾನೊಬ್ಬಳೇ. ನಾನೇ ಅಳಿಸಿದ್ರೆ ಹೇಗೆ?’

ಮುಂದಿನ ವರ್ಷ ಹೊಸ ಯಂತ್ರ ಬರುತ್ತದಂತೆ. ಅದಕ್ಕೆ ಉಗುಳುತಟ್ಟೆ ಇರುವುದಿಲ್ಲ. ಓದಲು ಬಾರದ್ದನ್ನು ಅದೇ ಖಾಲಿ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ರಬ್ಬರಕ್ಕನ ಮೇಜು ಇರುತ್ತದೋ ಇಲ್ಲವೋ ಯಾರೂ ಹೇಳಿಲ್ಲ. ಅವರೂ ಕೇಳಿಲ್ಲ. ಏನಾದರೂ ಬೇಕಿದೆಯೇ ಎಂದಾಗ ತಮಗಾಗಿ ಏನನ್ನೂ ಕೇಳುವುದಿಲ್ಲ. ‘ಬರೀತೀರಲ್ಲ, ಆ ಮೂವತ್ತು ದಿನದ ವಿಷಯ ದಪ್ಪ ಅಕ್ಷರದಲ್ಲಿ ಹಾಕಿ. ಆ ಮಗುವಿನ ಮನೆಗೆ ನಿಮ್ಮ ಪೇಪರ್ ಬಂದ್ರೂ ಬರಬಹುದು.’

ಒಂದು ಗಂಟೆಗೆ ಯಂತ್ರ ನಿಲ್ಲುತ್ತದೆ. ಅವತ್ತಿನ ಕಟ್ಟುಗಳಿಗೆ ದಾರ ಬೀಳುವ ಮುಂಚೆ ರಬ್ಬರಕ್ಕ ಎಡಗಡೆಯ ಪೆಟ್ಟಿಗೆಯಿಂದ ಆ ಹಾಳೆಯನ್ನು ಹುಡುಕಿ ತೆಗೆಯುತ್ತಾರೆ. ಬಿಳಿಯ ಮೇಲೆ ಬಿಳಿ, ಟೇಪು ಎಲ್ಲಿದೆ ಎಂದು ನನಗೆ ತಕ್ಷಣ ಕಾಣುವುದಿಲ್ಲ. ಅವರು ಉಗುರಿನ ತುದಿಯಿಂದ ಅದರ ಒಂದು ಮೂಲೆಯನ್ನು ಎಬ್ಬಿಸಿ, ಅಕ್ಕಿಕಾಳಿನಷ್ಟು ಮಡಚಿ, ಹಾಳೆಯನ್ನು ಕಟ್ಟಿನೊಳಗೆ ಅದರ ಜಾಗಕ್ಕೆ ಸೇರಿಸುತ್ತಾರೆ.

‘ಎತ್ತೋರಿಗೆ ಸುಲಭ ಆಗ್ಲಿ’ ಎನ್ನುತ್ತಾ ದಾರದ ಉಂಡೆಗೆ ಕೈ ಚಾಚುತ್ತಾರೆ.